ಮೇಜಿನ ಮೇಲೆ ಮಲ್ಲಿಗೆ, ಕೆಳಗೆ ಅಜ್ಜಿ

ಮೊನ್ನೆ ಗೋಕುಲಂನಲ್ಲಿರುವ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಅವರ ಮಹಡಿಯಲ್ಲಿ, ಯೋಗ ಕಲಿಯಲು ಬಂದ ವಿದೇಶಿ ಹೆಂಗಸೊಬ್ಬಳು ಬಾಡಿಗೆಗಿದ್ದಾಳೆ. ಮನೆ ಬಹಳ ಚೆನ್ನಾಗಿ ಇಟ್ಟುಕೊಂಡಿದ್ದಾಳೆ, ನೋಡು ಬಾ ಎಂದು ಗೆಳತಿ ಮೇಲಕ್ಕೆ ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಊಟದ ಮೇಜಿನ ನಟ್ಟನಡುವೆ ಇಡ್ಲಿ ಸ್ಟ್ಯಾಂಡು. ಒಂದೊಂದು ಗುಳಿಯಲ್ಲೂ ಒಂದೊಂದು ಪುಟ್ಟ ಮೇಣದಬತ್ತಿ. ನಾನು ನಕ್ಕುಬಿಟ್ಟೆ. ಆಕೆ ಪಾಪ, ಏನೋ ತಪ್ಪು ಮಾಡಿದೆನೆಂದುಕೊಂಡು, ಇದನ್ನು ಹೀಗೆ ಬಳಸಬಾರದೇ ಎಂದು ಕೇಳಿದಳು. ಬಳಸಬಹುದು ತಾಯಿ, ನಮ್ಮಮ್ಮ ನಿನಗಿಂತ ಹತ್ತು ವರ್ಷ ಮೊದಲೇ ಬಳಸಿದ್ದಾಳೆ, ಆಮೇಲೆ ಆದದ್ದೇ ಬೇರೆ ಎಂದು ಹೇಳಬೇಕೆನ್ನಿಸಿತು. ಆದರೆ ನನಗೆ ಬರುವ ಇಂಗ್ಲಿಷಿನಲ್ಲಿ ಅಜ್ಜಿಯನ್ನು ಮೇಜಿನ ಕೆಳಗಿನಿಂದ ಹೊರಗೆ ತರುವುದು ಸಾಧ್ಯವಿರಲಿಲ್ಲ. ಕನ್ನಡದಲ್ಲಾದರೆ ಪ್ರಯತ್ನ ಮಾಡಬಹುದು.

ಆಗ ನಮ್ಮ ಮನೆ ಕೃಷ್ಣಮೂರ್ತಿಪುರಂನಲ್ಲಿತ್ತು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ ಮತ್ತು ನಾನು, ಮನೆಯಲ್ಲಿ ನಾಲ್ಕೇ ಜನ. ನಾಲ್ವರೂ ಅಡುಗೆಮನೆಯ ಕೆಂಪು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವವರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ಶಿವರಾತ್ರಿ ಕಳೆದ ಮೇಲೆ, ಹಿಂದಿನ ಬೀದಿಯಲ್ಲಿದ್ದ ಬ್ಯಾಂಕಿನವರೊಬ್ಬರಿಗೆ ದೂರದೂರಿಗೆ ವರ್ಗವಾಯಿತು. ಅವರು ತಮ್ಮ ಊಟದ ಮೇಜು ಮತ್ತು ಆರು ಕುರ್ಚಿಗಳನ್ನು ಯಾರಿಗಾದರೂ ಕೊಟ್ಟು ಹೋಗುತ್ತೇವೆ ಎಂದರು. ಅಮ್ಮ ಅಪ್ಪನ ಹತ್ತಿರ ಹೋಗಿ, "ರೀ, ಆ ಮೇಜು ನಮಗೆ ಬೇಕು" ಎಂದಳು.

ಅಪ್ಪ ಉತ್ತರ ಪತ್ರಿಕೆಯಿಂದ ತಲೆ ಎತ್ತಿದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅಮ್ಮ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಯಾಕೆ ಎಂದು ಕೇಳಿದರು. "ಎಲ್ಲರ ಮನೇಲೂ ಇದೆಯಲ್ಲ" ಎಂದಳು ಅಮ್ಮ. ಎಲ್ಲರ ಮನೆಯಲ್ಲಿ ಇದ್ದದ್ದಕ್ಕೆ ಆಸೆಪಡುವ ಹೆಂಗಸೇ ಅಲ್ಲ ಅವಳು. ಅಪ್ಪನಿಗೆ ಈ ಉತ್ತರ ಸರಿಬರಲಿಲ್ಲ. ಆದರೂ ಹದಿನಾರು ವರ್ಷಕ್ಕೆ ಒಂದು ಸಲ ಬಂದ ಬೇಡಿಕೆ ಎಂದು ಒಪ್ಪಿಕೊಂಡರು.

ಮೇಜು ಬಂತು. ನಮ್ಮ ಹಾಲಿಗೆ ಅದು ದೊಡ್ಡದಾಯಿತು. ಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಎಲ್ಲರೂ ಓರೆಯಾಗಿ, ಉಸಿರು ಎಳೆದುಕೊಂಡು ನಡೆಯಬೇಕು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಅಜ್ಜಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಅವಳು ನಂಜನಗೂಡಿನ ಕಡೆಯ ಹಳ್ಳಿಯವಳು. ಬೆಳಿಗ್ಗೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಪೂಜೆ ಮುಗಿಸದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ.

"ಊಟ ಅಂದ್ರೆ ಪ್ರಸಾದ ಕಣಮ್ಮ ಗಿರಿಜಾ," ಎಂದಳು ಅಮ್ಮನಿಗೆ. "ಕಾಲು ಇಳೇಬುಟ್ಕೊಂಡು ಉಣ್ಣಕ್ಕೆ ಇದೇನು ಓಟ್ಲಾ? ನಾನಂತೂ ಅಂಗೆ ಉಣ್ಣಾಕಿಲ್ಲ."

ಅಜ್ಜಿ ಕೂರುವುದಿಲ್ಲವೆಂದ ಮೇಲೆ ಅಪ್ಪನೂ ಕೂರುವಂತಿಲ್ಲ. ಹೆತ್ತ ತಾಯಿ ಕೆಳಗೆ ಕೂತಿರುವಾಗ ಮಗ ಮೇಲೆ ಕೂತು ಉಣ್ಣುವುದು ಹೇಗೆ? ಅಪ್ಪ ಕೂರದಿದ್ದರೆ ಅಮ್ಮ ಕೂರುವ ಪ್ರಶ್ನೆಯೇ ಇಲ್ಲ. ಅವಳು ಹೇಗೂ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಉಳಿದವಳು ನಾನು. ಎರಡು ದಿನ ಮಹಾರಾಣಿಯ ಹಾಗೆ ಒಬ್ಬಳೇ ಮೇಲೆ ಕೂತು ಉಂಡೆ. ಅಡುಗೆಮನೆಯ ನೆಲದಿಂದ ಅಜ್ಜಿ ನನ್ನ ಜೋಲಾಡುವ ಕಾಲುಗಳನ್ನೇ ನೋಡುತ್ತಾ ತುತ್ತು ನುಂಗುತ್ತಿದ್ದಳು. ಮೂರನೇ ದಿನ ನಾನೂ ಕೆಳಗಿಳಿದೆ.

ಮೇಜು ಬೇರೆ ಬೇರೆ ಕೆಲಸಗಳಿಗೆ ಸೇರಿಕೊಂಡಿತು. ಅದರ ಮೇಲೆ ಇಸ್ತ್ರಿ ಆಯಿತು, ಅಪ್ಪನ ಪೇಪರ್ ತಿದ್ದುವಿಕೆ ಆಯಿತು, ಹುಲ್ಲಿನಲ್ಲಿ ಮಾವಿನಕಾಯಿ ಹಣ್ಣಾಯಿತು. ಊಟ ಮಾತ್ರ ಆಗಲಿಲ್ಲ. ಅದರ ಕೆಳಗಿನ ಜಾಗವನ್ನು ಅಜ್ಜಿ ಹಿಡಿದುಕೊಂಡಳು. ಮಧ್ಯಾಹ್ನ ಉಂಡ ಮೇಲೆ ಚಾಪೆ ಹಾಸಿ ಅಲ್ಲೇ ಮಲಗುವಳು. ಬೇಸಿಗೆಗೆ ಅಲ್ಲಿ ತಂಪಂತೆ. ಊಟದ ಮೇಜನ್ನು ಅಷ್ಟು ಬೈದವಳು ಅದರ ಕೆಳಗೇ ಗೊರಕೆ ಹೊಡೆಯುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಬೇಸಿಗೆ ರಜೆ ಶುರುವಾದಾಗ, ಅಪ್ಪ ಒಂದು ದಿನ ಮೇಜಿನ ಮೂಲೆ ಸೊಂಟಕ್ಕೆ ತಗಲಿ ನೋವು ಮಾಡಿಕೊಂಡವರು ತೀರ್ಪು ಕೊಟ್ಟರು. "ನೋಡು ಗಿರಿಜಾ, ಸ್ಕೂಲು ಶುರುವಾಗೋಷ್ಟರಲ್ಲಿ ಇದರ ಮೇಲೆ ಮನೆಯವರು ಊಟ ಮಾಡ್ತಾ ಇದ್ರೆ ಸರಿ. ಇಲ್ಲದೇ ಹೋದ್ರೆ ನಮ್ಮ ಸ್ಟಾಫ್ ರೂಮಿಗೆ ಕೊಟ್ಬುಡ್ತೀನಿ. ಅಲ್ಲಿ ಎಂಟು ಜನ ಮೇಷ್ಟ್ರುಗಳಿಗೆ ಒಂದೇ ಮೇಜು."

ಅಮ್ಮ ಮೇಜಿನ ಮೇಲಿನ ಹುಲ್ಲು ಸರಿಸಿ ಮಾವಿನಕಾಯಿ ಎಣಿಸತೊಡಗಿದಳು. ಅವಳು ಮಾತಾಡಿದರೆ ಅಪ್ಪನಿಗೆ ಭಯವಿರಲಿಲ್ಲ. ಸುಮ್ಮನಿದ್ದರೆ ಇತ್ತು.

ಅದೇ ವಾರ ನಮ್ಮ ಬಡಾವಣೆಯ ಮಹಿಳಾ ಮಂಡಳಿಯವರು ಚೀಟಿ ಹಂಚಿದರು. ಪ್ರತಿ ಬೇಸಿಗೆಯಲ್ಲೂ ಅವರದೊಂದು ಸ್ಪರ್ಧೆ ಇರುತ್ತಿತ್ತು. ಆ ವರ್ಷದ್ದು 'ಬೇಸಿಗೆಯ ಊಟದ ಮೇಜಿನ ಅಲಂಕಾರ'. ಹೊಸದಾಗಿ ಏನನ್ನೂ ಕೊಳ್ಳುವಂತಿಲ್ಲ, ಮನೆಯಲ್ಲಿ ದಿನವೂ ಬಳಸುವ ಸಾಮಾನಿನಿಂದಲೇ ಅಲಂಕರಿಸಬೇಕು. ಮೇಜುಗಳನ್ನು ಹೊತ್ತು ತರಲಾಗದ್ದರಿಂದ ತೀರ್ಪುಗಾರರೇ ಮನೆಮನೆಗೆ ಬರುತ್ತಾರೆ. ಎದುರುಮನೆಯ ನಾಗರತ್ನಮ್ಮ ಮೂರು ವರ್ಷದಿಂದ ಎಲ್ಲ ಸ್ಪರ್ಧೆಯಲ್ಲೂ ಮೊದಲ ಬಹುಮಾನ ಹೊಡೆಯುತ್ತಿದ್ದರು. ಅವರ ಮನೆಯಲ್ಲಿ ಗಾಜು ಹಾಸಿದ ಮೇಜಿತ್ತು. ಗೇಟಿನ ಹತ್ತಿರ ಸಿಕ್ಕಾಗ ಅವರು ಅಮ್ಮನಿಗೆ, "ನೀವೂ ಸೇರ್ತೀರಾ ಗಿರಿಜಮ್ಮ? ನಿಮ್ಮದು ಇಸ್ತ್ರಿ ಮೇಜಲ್ವಾ?" ಎಂದರು. ಅಮ್ಮ ಒಳಗೆ ಬಂದು ಪೆನ್ನು ಹುಡುಕಿ, ಚೀಟಿಯಲ್ಲಿ ಹೆಸರು ಬರೆದಳು.

ಮುಂದಿನ ಹತ್ತು ದಿನ ನಮ್ಮ ಮನೆಯಲ್ಲಿ ಯಾವ ಸಾಮಾನೂ ತನ್ನ ಕೆಲಸ ಮಾಡಲಿಲ್ಲ. ಅಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲಿಟ್ಟು, ದೂರ ನಿಂತು, ತಲೆ ಓರೆ ಮಾಡಿ ನೋಡುವಳು. ಜರಡಿಯನ್ನು ಬಲ್ಬಿಗೆ ಕಟ್ಟಿ ನೋಡಿದಳು. ಮೇಜಿನ ಮೇಲೆಲ್ಲ ಚುಕ್ಕೆ ಬಿತ್ತು, ಸಿಡುಬು ಎದ್ದ ಹಾಗೆ ಕಾಣುತ್ತದೆಂದು ಬಿಚ್ಚಿದಳು. ಅಪ್ಪನ ಕ್ಷೌರದ ಮಗ್ಗು ಒಂದು ದಿನ ಚಮಚಗಳನ್ನು ಹೊತ್ತು ನಿಂತಿತ್ತು. ಗಡ್ಡಕ್ಕೆ ಸೋಪು ಮೆತ್ತಿಕೊಂಡ ಅಪ್ಪ ಬ್ರಶ್ಶು ಹಿಡಿದು ಮನೆಯೆಲ್ಲಾ ಸುತ್ತಿ ಅಲ್ಲಿಗೆ ಬಂದರು. "ಇದು ನನ್ನದಲ್ವಾ?" ಎಂದರು. "ಸ್ವಲ್ಪ ತಡೀರಿ, ಎಂಗೆ ಕಾಣುತ್ತೆ ನೋಡ್ತಾ ಇದೀನಿ" ಎಂದಳು ಅಮ್ಮ. ಅವಳ ಬಾಯಲ್ಲಿ ಅಜ್ಜಿಯ ಮಾತು ಬರುವುದು ತೀರಾ ತಲ್ಲೀನಳಾದಾಗ ಮಾತ್ರ. ಅಪ್ಪ ಸೋಪು ಒಣಗುವವರೆಗೆ ಕಾದರು.

ನನ್ನದೂ ಒಂದು ಕಾಣಿಕೆ ಇರಲೇಬೇಕಿತ್ತು. ಆ ವಯಸ್ಸಿನಲ್ಲಿ ನಾನು ದೊಡ್ಡ ಕಲಾವಿದೆಯಾಗುತ್ತೇನೆಂಬ ನಂಬಿಕೆ ನನಗಿತ್ತು, ನನಗೊಬ್ಬಳಿಗೇ ಇತ್ತು. ಯಾವುದೋ ಮಾಸಪತ್ರಿಕೆಯಲ್ಲಿ ಬಟ್ಟೆಯನ್ನು ಕಮಲದ ಹಾಗೆ ಮಡಿಸುವ ಚಿತ್ರ ನೋಡಿದ್ದೆ. ಅಪ್ಪನ ಬಿಳಿ ಕರವಸ್ತ್ರಗಳಿಂದ ಆರು ಕಮಲ ಮಾಡುತ್ತೇನೆಂದು ಹೊರಟೆ. ಬೀರುವಿನಲ್ಲಿ ಐದೇ ಸಿಕ್ಕವು. ಆರನೆಯದು ಅಪ್ಪನ ಸ್ಕೂಲ್ ಬ್ಯಾಗಿನಲ್ಲಿತ್ತು. ಅದರಲ್ಲಿ ಅವರು ವರ್ಷವೆಲ್ಲ ಕಪ್ಪುಹಲಗೆಯನ್ನೂ ಒರೆಸಿದ್ದರು ಎಂಬುದು ನನಗೆ ಹೊಳೆಯಲಿಲ್ಲ. ಮಡಿಸಿದ ಮೇಲೆ ಆರೂ ಒಂದೇ ಥರ ಕಂಡವು.

ಸ್ಪರ್ಧೆಯ ದಿನ ಅಪ್ಪ ಬೆಳಿಗ್ಗೆಯೇ ಸೈಕಲ್ ಹತ್ತಿ ಅಶೋಕಪುರಂನ ಸ್ನೇಹಿತರ ಮನೆಗೆ ಹೊರಟುಹೋದರು. ಅಜ್ಜಿ, "ನಾನೂ ಇರಾಕಿಲ್ಲ ಬುಡು, ಮಠದ ತಾವ ಹೋಗ್ಬುಡ್ತೀನಿ" ಎಂದಳು. ಹನ್ನೆರಡಕ್ಕೆ ಅಡುಗೆಮನೆಯ ನೆಲದ ಮೇಲೆ ಕೂತು ಹೊಟ್ಟೆ ತುಂಬ ಉಂಡಳು. ಆಮೇಲೆ ಕಾಣಿಸಲಿಲ್ಲ. ಹೋಗಿರಬೇಕು ಎಂದುಕೊಂಡೆವು.

ಒಂದು ಗಂಟೆಗೆ ಮೇಜು ಸಿದ್ಧವಾಯಿತು. ಅಜ್ಜಿಯ ಹಳೆಯ ಎಲೆಹಸಿರು ಹತ್ತಿ ಸೀರೆಗಳೆರಡನ್ನು, ಒಂದನ್ನು ಉದ್ದಕ್ಕೆ ಒಂದನ್ನು ಅಡ್ಡಕ್ಕೆ ಹಾಸಿ, ಅಂಚು ನಾಲ್ಕೂ ಕಡೆ ನೆಲ ಮುಟ್ಟುವ ಹಾಗೆ ಇಳಿಬಿಟ್ಟಿದ್ದಳು ಅಮ್ಮ. ನಡುವೆ ಇಡ್ಲಿ ಸ್ಟ್ಯಾಂಡು. ಅದರ ಒಂದೊಂದು ಗುಳಿಯಲ್ಲೂ ನಮ್ಮ ಹಿತ್ತಲಿನ ದುಂಡುಮಲ್ಲಿಗೆ ಮೊಗ್ಗು, ಇಡ್ಲಿಯಷ್ಟೇ ಗುಂಡಗೆ ತುಂಬಿದ್ದು. ನಾಲ್ಕಂತಸ್ತಿನ ಹೂವಿನ ಗೋಪುರ. ಒಂದು ಪಕ್ಕ ಮೊರದಲ್ಲಿ ಎಳೆಸೌತೆಕಾಯಿ, ಮಾವಿನಕಾಯಿ. ಅಕ್ಕಿ ಅಳೆಯುವ ಸೇರು, ಪಾವು, ಚಟಾಕುಗಳು ಎತ್ತರದ ಪ್ರಕಾರ ಸಾಲಾಗಿ ನಿಂತು ಬೇವಿನ ಚಿಗುರು ಹಿಡಿದಿದ್ದವು. ಆರು ಬಾಳೆಲೆ ಹಾಕಿ, ಒಂದೊಂದು ಎಲೆಯ ಪಕ್ಕದಲ್ಲೂ ನೀರು ಚಿಮುಕಿಸಿದ ಲಾವಂಚದ ಬೀಸಣಿಗೆ, ಲೋಟದಲ್ಲಿ ನನ್ನ ಕಮಲ. ಇನ್ನೊಂದು ಪಕ್ಕ ಮಣ್ಣಿನ ಹೂಜಿ. ಅದಕ್ಕೆ ಅಪ್ಪನ ಹೆಗಲ ಚೌಕವನ್ನು ಒದ್ದೆ ಮಾಡಿ ಸುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ಆ ಮೇಜಿನ ಮುಂದೆ ನಿಂತರೆ ಮೇ ತಿಂಗಳ ಬಿಸಿಲು ಹೊರಗೇ ನಿಂತುಬಿಟ್ಟ ಹಾಗಿತ್ತು.

ಅಮ್ಮ ಸೀರೆ ಬದಲಾಯಿಸಲು ಕೋಣೆಗೆ ಹೋದಳು. ನಾನು ಗೇಟಿನ ಹತ್ತಿರ ಓಡಿದೆ. ಮಠಕ್ಕೆ ಹೋಗದೆ ಹಿತ್ತಲಿನಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದ ಅಜ್ಜಿ ಆ ಹೊತ್ತಿನಲ್ಲೇ ಒಳಗೆ ಬಂದು, ಚಾಪೆ ತೆಗೆದುಕೊಂಡು, ಸೀರೆಯ ಅಂಚು ಎತ್ತಿ ತನ್ನ ಮಾಮೂಲು ಜಾಗಕ್ಕೆ ಹೋಗಿ ಮಲಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತೀರ್ಪುಗಾರರು ವಿಶಾಲಾಕ್ಷಿ ಮೇಡಂ. ಗೃಹವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಅವರ ಹಿಂದೆ ಹತ್ತು ಹನ್ನೆರಡು ಹೆಂಗಸರ ಮೆರವಣಿಗೆ. ಸ್ಪರ್ಧಿಗಳೆಲ್ಲ ಪರರ ಮೇಜು ನೋಡಲು ಮನೆಯಿಂದ ಮನೆಗೆ ಹಿಂಬಾಲಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ನಾಗರತ್ನಮ್ಮ. ಮೇಡಂ ಬಿಸಿಲಿನಲ್ಲಿ ಐದು ಮನೆ ಸುತ್ತಿ ಬೆವರಿ ಹೋಗಿದ್ದರು. ಒಳಗೆ ಬಂದವರೇ ಹತ್ತಿರದ ಲೋಟದಿಂದ ಒಂದು ಕಮಲ ಎಳೆದುಕೊಂಡು, ಒದರಿ, ಹಣೆಯನ್ನು ಚೆನ್ನಾಗಿ ಒರೆಸಿಕೊಂಡರು.

ಅದು ಆರನೆಯ ಕಮಲ.

ಅವರ ಹಣೆ ಬೆಳ್ಳಗಾಯಿತು. ಬೆವರು ಮತ್ತೆ ಇಳಿದಾಗ ಮೂರು ಬೆರಳಿನಿಂದ ಅಡ್ಡಕ್ಕೆ ಒರೆಸಿಕೊಂಡರು. ಹಣೆಯ ಮೇಲೆ ಮೂರು ಪಟ್ಟೆ ಎದ್ದು ಕಂಡವು. ನಾಗರತ್ನಮ್ಮ ನೋಡಿದರು, ಅಮ್ಮ ನೋಡಿದಳು, ಎಲ್ಲರೂ ನೋಡಿದರು. ಆದರೆ ಅಂಕ ಹಾಕುವ ಮೊದಲು ತೀರ್ಪುಗಾರರ ಹಣೆಯ ವಿಷಯ ಎತ್ತುವ ಧೈರ್ಯ ಯಾರಿಗಿದೆ? ಅದು ಅಪ್ಪನ ಸೀಮೆಸುಣ್ಣ ಎಂದು ಆಗ ನನಗೆ ಹೊಳೆಯಿತು.

ಮೇಡಂ ಪುಸ್ತಕ ತೆರೆದು ಮೇಜಿನ ಸುತ್ತ ನಡೆದರು. "ಇಡ್ಲಿ ತಟ್ಟೆ ಉಪಾಯ ಚೆನ್ನಾಗಿದೆ" ಎಂದರು. ಅಮ್ಮನ ಕಿವಿ ಕೆಂಪಾಯಿತು. "ಈ ಹೂಜಿಯಿಂದ ನೀರು ಇಳೀತಾ ಇದೆಯಲ್ಲ, ಇದು?"

"ತಂಪಿಗೆ, ಮೇಡಂ" ಎಂದಳು ಅಮ್ಮ.

ಆ ತಂಪು ಚೌಕದಿಂದ ಸೀರೆಗೆ, ಸೀರೆಯಿಂದ ಹಲಗೆಯ ಸಂದಿಗೆ ಇಳಿದು ತೊಟ್ಟಿಕ್ಕುತ್ತಿತ್ತು. ಮೇಜಿನ ಒಳಗಿನಿಂದ ದನಿ ಬಂತು.

"ಮಳೆ ಬಂತೇನಮ್ಮ ಗಿರಿಜಾ? ಸಂಡಿಗೆ ಎತ್ತು."

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಸೀರೆಯ ಅಂಚಿನ ಕೆಳಗಿನಿಂದ ಒಂದು ಕೈ ಹೊರಬಂದು ಮೇಜಿನ ಕಾಲನ್ನು ಹಿಡಿದುಕೊಂಡಿತು. ಮೇಜು ಅಲುಗಿತು. ನಾಲ್ಕಂತಸ್ತಿನ ಗೋಪುರ ನಡುಗಿ ಮಲ್ಲಿಗೆ ಮೊಗ್ಗು ಪಟಪಟನೆ ಉದುರಿದವು. ಉದುರುವ ಹೂವಿನ ನಡುವೆ ಅಜ್ಜಿ, ಎರಡು ಸಲ ಕೂತು, ಮೂರನೇ ಸಲಕ್ಕೆ ಎದ್ದು ನಿಂತಳು. ಮುಖ ಒದ್ದೆ.

ಎದ್ದವಳಿಗೆ ಎದುರಿಗೆ ಕಂಡದ್ದು ಮೇಡಂ ಅವರ ಹಣೆ. ಅಜ್ಜಿಯ ಮುಖ ಅರಳಿತು. ಎರಡೂ ಕೈ ಜೋಡಿಸಿದಳು.

"ಶರಣು ಕಣವ್ವ. ಯಾವ ಮಠದ ಕಡೆಯೋರು ನೀವು?"

ಮೇಡಂ ಗಾಬರಿಯಿಂದ, "ನಾನು ಕಾಲೇಜಿನ ಕಡೆಯವಳು" ಎಂದರು.

"ಕಾಲೇಜೂ ಮಠದ್ದೇ ಇರ್ಬೇಕು ಬುಡಿ," ಎಂದಳು ಅಜ್ಜಿ. "ಕೂತ್ಕೊಳಿ, ಬಿಸ್ಲಲ್ಲಿ ಬಂದಿದ್ದೀರಿ. ಗಿರಿಜಾ, ಮಜ್ಜಿಗೆ ಕೊಡಮ್ಮ."

ಮೇಡಂ ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು. ಆಮೇಲೆ ಪುಸ್ತಕ ನೋಡಿ, "ಕೊನೇ ಅಂಶ, ನಿತ್ಯದ ಬಳಕೆ. ಈ ಮೇಜಿನ ಮೇಲೆ ಮನೆಯವರು ದಿನಾ ಊಟ ಮಾಡ್ತಾರಾ?" ಎಂದು ಕೇಳಿದರು.

ಅಮ್ಮ ಸುಳ್ಳು ಹೇಳುವವಳಲ್ಲ. ಅವಳು ತಲೆ ತಗ್ಗಿಸಿದಳು. ನಾಗರತ್ನಮ್ಮ ನಗುತ್ತಾ, "ಇಲ್ಲ ಮೇಡಂ, ಇವರ ಮನೇಲಿ ಯಾರೂ ಇದರ ಮೇಲೆ ಊಟ ಮಾಡಲ್ಲ. ಅಜ್ಜಿಗೆ ಆಗಲ್ಲ. ಸೊಸೆ ತಂದ ಮೇಜು ನೋಡಿ" ಎಂದರು.

ಅಜ್ಜಿ ನಿಧಾನವಾಗಿ ನಾಗರತ್ನಮ್ಮನ ಕಡೆ ತಿರುಗಿದಳು. ನಮ್ಮ ಮನೆಯಲ್ಲಿ ಅತ್ತೆ ಸೊಸೆಗೆ ಏನು ಬೇಕಾದರೂ ಹೇಳಬಹುದಿತ್ತು. ಎದುರುಮನೆಯವರು ಹೇಳುವಂತಿರಲಿಲ್ಲ.

"ಯಾರಂದೋರು ಅಂಗಂತ? ನಾನು ದಿನಾ ಉಣ್ಣೋದೇ ಇಲ್ಲಿ."

"ಹೌದಾ ಅಜ್ಜಿ?" ಎಂದರು ನಾಗರತ್ನಮ್ಮ. "ಇವತ್ತು ಊಟ ಆಯ್ತಾ?"

"ಇನ್ನೂ ಇಲ್ಲ" ಎಂದುಬಿಟ್ಟಳು ಅಜ್ಜಿ.

ಮೇಡಂ ಪೆನ್ನು ತೆರೆದು, "ಹಾಗಾದ್ರೆ ಕೂತ್ಕೊಳಿ ಅಮ್ಮ, ನಾವೂ ನೋಡ್ತೀವಿ" ಎಂದರು.

ಹೀಗೆ ನಮ್ಮ ಅಜ್ಜಿ, ಎರಡು ಗಂಟೆಯ ಹಿಂದೆ ಹೊಟ್ಟೆ ತುಂಬ ಉಂಡವಳು, ಜೀವನದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತು ಎರಡನೇ ಊಟಕ್ಕೆ ಸಿದ್ಧಳಾದಳು. ಕಾಲು ನೆಲಕ್ಕೆ ಎಟುಕಲಿಲ್ಲ. ಅಮ್ಮ ಬಡಿಸಲು ಬಗ್ಗಿದಾಗ ಅಜ್ಜಿ ಪಿಸುಗುಟ್ಟಿದ್ದು ಹತ್ತಿರ ನಿಂತ ನನಗೆ ಕೇಳಿಸಿತು: "ಕಮ್ಮಿ ಹಾಕು ಕಣಮ್ಮ, ಸಾಯ್ತೀನಿ."

ಕಮ್ಮಿ ಹಾಕಿದರೆ ಅನುಮಾನ ಬರುತ್ತದೆ. ಅಮ್ಮ ಮಾವಿನಕಾಯಿ ಚಿತ್ರಾನ್ನ ಹಾಕಿದಳು, ಅನ್ನ ಮಜ್ಜಿಗೆಹುಳಿ ಹಾಕಿದಳು, ಕೋಸಂಬರಿ ಹಾಕಿದಳು. ಹನ್ನೆರಡು ಜೊತೆ ಕಣ್ಣುಗಳ ಎದುರು ಅಜ್ಜಿ ಒಂದೊಂದೇ ತುತ್ತು ಇಳಿಸಿದಳು. ಎಡಗೈಯಲ್ಲಿ ಬೀಸಣಿಗೆ ಹಿಡಿದು ಗಾಳಿ ಹಾಕಿಕೊಂಡಳು, ದಿನವೂ ಹೀಗೇ ಮಾಡುವವಳ ಹಾಗೆ. ಎಲೆಯ ಕೊನೆಗೆ ಬಂದಳು. ಮುಗಿಯಿತು ಎಂದು ನಾನು ಉಸಿರುಬಿಟ್ಟೆ. ಅಷ್ಟರಲ್ಲಿ ನಾಗರತ್ನಮ್ಮ, "ಮೊಸರನ್ನ ಬೇಡ್ವಾ ಅಜ್ಜಿ?" ಎಂದರು. ಅಜ್ಜಿ ಅವರನ್ನೇ ನೋಡುತ್ತಾ, "ಎರಡು ಸೌಟು ಹಾಕು ಗಿರಿಜಾ" ಎಂದಳು.

ನಿತ್ಯದ ಬಳಕೆಗೆ ನಮಗೆ ಹತ್ತಕ್ಕೆ ಹತ್ತು ಬಂತು. ಒಟ್ಟಿನಲ್ಲಿ ಎರಡನೇ ಬಹುಮಾನ. ನಾಗರತ್ನಮ್ಮನವರ ಗಾಜಿನ ಬಟ್ಟಲಿನ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದನ್ನು ಮೇಡಂ ನೋಡಿದ್ದರಿಂದ ಅವರಿಗೆ ಏನೂ ಬರಲಿಲ್ಲ. ಮೇಡಂ ತಮ್ಮ ಹಣೆಯನ್ನು ನೋಡಿಕೊಂಡದ್ದು ನಮ್ಮ ನಂತರದ ಮೂರನೇ ಮನೆಯಲ್ಲಂತೆ, ಕನ್ನಡಿ ಇಟ್ಟು ಅಲಂಕರಿಸಿದ್ದ ಮೇಜಿನ ಮುಂದೆ. ಅಷ್ಟರಲ್ಲಿ ನಮ್ಮ ಅಂಕ ಶಾಯಿಯಲ್ಲಿ ಬರೆದಾಗಿತ್ತು. ಬಹುಮಾನ ಏನೆಂದರೆ, ಪ್ಲಾಸ್ಟಿಕ್ ಹೂಗುಚ್ಛ.

ಅಜ್ಜಿ ಆ ದಿನ ಜೀರಿಗೆ ಕಷಾಯ ಕುಡಿದು ಮಲಗಿದಳು. ಮರುದಿನ ಮಧ್ಯಾಹ್ನ ಅಮ್ಮ ಎಂದಿನಂತೆ ಅಡುಗೆಮನೆಯ ನೆಲದ ಮೇಲೆ ಎಲೆ ಹಾಕಿದಳು. ಅಜ್ಜಿ ಹಾಲಿನ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು. "ಎದುರುಮನೆಯೋಳು ಕಿಟ್ಕಿ ತಕ್ಕೊಂಡು ಕೂತವಳೆ. ಮೇಲೇ ಹಾಕು" ಎಂದಳು. ಅದರ ಮರುದಿನವೂ ಎದುರುಮನೆಯ ಕಿಟಕಿ ತೆರೆದಿತ್ತು. ಬೇಸಿಗೆಯಲ್ಲಿ ಕಿಟಕಿ ಮುಚ್ಚುವವರು ಯಾರು? ಅಜ್ಜಿ ಮೇಲೆ ಕೂತ ಮೇಲೆ ಅಪ್ಪನೂ ಬಂದು ಕೂತರು, ನಾನೂ ಕೂತೆ. ಸ್ಕೂಲು ಶುರುವಾಗುವ ಹಿಂದಿನ ದಿನ ಅಪ್ಪ ತಮಾಷೆಗೆ, "ಸ್ಟಾಫ್ ರೂಮಿನವರು ಮೇಜು ಕೇಳ್ತಾ ಇದ್ರು ಕಣವ್ವ" ಎಂದರು. ಅಜ್ಜಿ ಹಪ್ಪಳ ಮುರಿಯುತ್ತಾ, "ಮೇಷ್ಟ್ರುಗಳು ನೆಲದ ಮ್ಯಾಲೆ ಕೂತ್ಕೊಳ್ಳಲಿ, ಏನಾಗ್ತದೆ?" ಎಂದಳು.

ಆದರೂ ಅಮ್ಮನಿಗೆ ಮನಸ್ಸಿನಲ್ಲಿ ಕೊರೆತ. ಹಿರಿಯ ಜೀವ, ಒಂದು ಮಾತಿಗೆ ಸಿಕ್ಕಿಕೊಂಡು ತನ್ನ ನೇಮ ಬಿಟ್ಟಿತಲ್ಲ ಎಂದು. ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಸ್ಕೂಲಿನಲ್ಲಿದ್ದರು, ನಾನು ನೆಗಡಿಯೆಂದು ಮನೆಯಲ್ಲೇ ಉಳಿದಿದ್ದೆ, ಅವಳು ಹಾಲಿನ ಕಿಟಕಿಗೆ ಪರದೆ ಎಳೆದಳು. ಅಡುಗೆಮನೆಯ ನೆಲದ ಮೇಲೆ ಎಲೆ ಹಾಕಿ, "ಅತ್ತೆ, ಯಾರಿಗೂ ಕಾಣಲ್ಲ. ಆರಾಮವಾಗಿ ಇಲ್ಲೇ ಕೂತ್ಕೊಳಿ" ಎಂದಳು.

ಅಜ್ಜಿ ಪರದೆ ನೋಡಿದಳು, ನೆಲದ ಮೇಲಿನ ಎಲೆ ನೋಡಿದಳು. ಗೋಡೆ ಹಿಡಿದುಕೊಂಡು ಸ್ವಲ್ಪ ಬಗ್ಗಿ, ಮತ್ತೆ ನೆಟ್ಟಗಾದಳು.

"ಮಂಡಿ ಬಗ್ಗಾಕಿಲ್ಲ ಕಣಮ್ಮ," ಎಂದಳು. "ಎರಡು ವರ್ಷ ಆಯ್ತು. ಕೂತ್ರೆ ಏಳಕ್ಕಾಗಾಕಿಲ್ಲ. ಆ ಮೇಜಿನ ಕಾಲು ಇಡ್ಕೊಂಡು ಏಳಬೌದು ಅಂತ್ಲೇ ಅದರ ಅಡಿ ಮಲಗ್ತಿದ್ದೆ."

"ನಂಗೆ ಗೊತ್ತು ಅತ್ತೆ" ಎಂದಳು ಅಮ್ಮ. "ನೀವು ಊಟ ಆದ ಮೇಲೆ ಗೋಡೆ ಹಿಡ್ಕೊಂಡು ಏಳೋದು ದಿನಾ ನೋಡ್ತಿದ್ದೆ. ಅದಕ್ಕೇ ಮೇಜು ತರಿಸಿದ್ದು."

"ಅಂಗಂತ ಆವತ್ತೇ ಯೋಳಬಾರ್ದಾಗಿತ್ತಾ?"

"ನಿಮ್ಮ ಮಂಡಿಗೆ ಅಂತ ತಂದೆ ಅಂದಿದ್ರೆ ನೀವು ಕೂರ್ತಿದ್ರಾ?"

ಅಜ್ಜಿ ನಿಂತುಕೊಂಡೇ ಯೋಚನೆ ಮಾಡಿದಳು. "ಇಲ್ಲ" ಎಂದಳು.

ಅಮ್ಮ ನೆಲದ ಮೇಲಿನ ಎಲೆ ಎತ್ತಿ ಮೇಜಿಗೆ ತಂದಳು. ಅಜ್ಜಿ ಕುರ್ಚಿ ಎಳೆದು ಕೂತಳು. ಆಮೇಲೆ ಪಕ್ಕದ ಕುರ್ಚಿಯನ್ನೂ ಎಳೆದು, "ನೀನೂ ಕೂತ್ಕೊ" ಎಂದಳು.

ಅಮ್ಮ ನಿಂತೇ ಇದ್ದಳು. ಹದಿನಾರು ವರ್ಷದಲ್ಲಿ ಅವಳು ಅತ್ತೆಯ ಜೊತೆ ಒಂದು ದಿನವೂ ಕೂತು ಉಂಡಿರಲಿಲ್ಲ. "ಬಡಿಸಬೇಕಲ್ಲ ಅತ್ತೆ" ಎಂದಳು.

"ಅಲ್ಲಿ ಸುಮ್ಕೆ ನಿಂತವಳಲ್ಲ ಒಬ್ಬಳು," ಎಂದು ಅಜ್ಜಿ ಗಲ್ಲ ಎತ್ತಿ ನನ್ನನ್ನು ತೋರಿಸಿದಳು. "ಅವಳು ಬಡಿಸ್ತಾಳೆ."

ನಾನು ಬಡಿಸಿದೆ. ಮೊದಲನೇ ಸೌಟಿನಲ್ಲೇ ಸಾರು ಅಮ್ಮನ ಸೀರೆಯ ಮೇಲೆ ಚೆಲ್ಲಿತು. ಅವಳು ಬೈಯಲಿಲ್ಲ, ಬಿಸಿ ಅನ್ನವನ್ನು ಬೆರಳ ತುದಿಯಿಂದ ಕಲಸುತ್ತಾ, ನನ್ನ ಮುಖ ನೋಡದೆ, "ಇನ್ನೊಂದು ಸ್ವಲ್ಪ ಹಾಕು" ಎಂದಳು.